ಪ್ರಯಾಣದ ಚೀಲಕ್ಕೆ ಒಂದೇ ಚಾರ್ಜರ್

ಊರು ಬಿಟ್ಟು ಹೊರಟವರ ಚೀಲದಲ್ಲಿ ಇಂದು ಬರೀ ಮೊಬೈಲ್ ಫೋನ್ ಇರುವುದಿಲ್ಲ. ಅದರ ಜೊತೆಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್, ಕಿವಿಗೆ ಸಿಕ್ಕಿಸುವ ಇಯರ್‌ಬಡ್, ಕೈಗೆ ಕಟ್ಟುವ ಸ್ಮಾರ್ಟ್‌ವಾಚ್, ಕ್ಯಾಮೆರಾ, ಟ್ರಿಮ್ಮರ್, ಪವರ್ ಬ್ಯಾಂಕ್ ಎಲ್ಲವೂ ಸೇರಿಕೊಂಡಿರುತ್ತವೆ. ಮನೆಯವರೆಲ್ಲ ಒಟ್ಟಿಗೆ ಹೊರಟರಂತೂ ಚಾರ್ಜಿಗೆ ಹಾಕಬೇಕಾದ ವಸ್ತುಗಳು ಹತ್ತನ್ನು ಮೀರುವುದು ಅಪರೂಪವಲ್ಲ. ಹಿಂದೆ ಇವುಗಳಲ್ಲಿ ಒಂದೊಂದಕ್ಕೂ ಅದರದೇ ಚಾರ್ಜರ್ ಬೇಕಿತ್ತು. ಈಗ ಬಹುಪಾಲು ಸಾಧನಗಳು ಯುಎಸ್‌ಬಿ ಟೈಪ್-ಸಿ ಎಂಬ ಒಂದೇ ಬಗೆಯ ಪಿನ್ನಿಗೆ ಬಂದಿವೆ. ಹಾಗಾಗಿ ಒಳ್ಳೆಯ ಒಂದು ಚಾರ್ಜರ್ ಮತ್ತು ಎರಡು ಮೂರು ಕೇಬಲ್ ಇದ್ದರೆ ಇಡೀ ಪ್ರಯಾಣ ಸಾಗುತ್ತದೆ. ಆದರೆ ಪಿನ್ ಸರಿಯಾಗಿ ಕೂತಿತೆಂದ ಮಾತ್ರಕ್ಕೆ ಚಾರ್ಜ್ ಸರಿಯಾಗಿ ಆಗುತ್ತದೆ ಎನ್ನುವಂತಿಲ್ಲ. ಚಾರ್ಜರ್ ಎಷ್ಟು ಕೊಡಬಲ್ಲದು, ಸಾಧನ ಎಷ್ಟು ಬೇಡುತ್ತದೆ, ನಡುವಿನ ಕೇಬಲ್ ಎಷ್ಟು ಹೊರಬಲ್ಲದು ಎಂಬ ಮೂರು ಲೆಕ್ಕ ತಿಳಿದಿರಬೇಕು. ಅವು ತಿಳಿದವರಿಗೆ ಒಂದೇ ಚಾರ್ಜರ್ ಸಾಕಾಗುತ್ತದೆ. ತಿಳಿಯದವರಿಗೆ ನಾಲ್ಕು ಚಾರ್ಜರ್ ಇದ್ದರೂ ಬೆಳಗಾಗುವಾಗ ಯಾವುದೋ ಒಂದು ಸಾಧನ ಖಾಲಿಯಾಗಿಯೇ ಉಳಿದಿರುತ್ತದೆ.

ಚಾರ್ಜರ್ ಮಾಡುವ ಕೆಲಸವನ್ನು ಮೊದಲು ನೋಡಬೇಕು. ಭಾರತದ ಮನೆಗಳ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್‌ನ ಪರ್ಯಾಯ ವಿದ್ಯುತ್. ಅದು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಿರುತ್ತದೆ. ಸಾಧನಗಳ ಒಳಗಿರುವ ಲಿಥಿಯಂ-ಅಯಾನ್ ಬ್ಯಾಟರಿಗೆ ಬೇಕಾದದ್ದು ಕಡಿಮೆ ವೋಲ್ಟ್‌ನ, ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್. ಗೋಡೆಯ ವಿದ್ಯುತ್ತನ್ನು ಹೀಗೆ ಇಳಿಸಿ, ತಿದ್ದಿ ಕೊಡುವುದಷ್ಟೇ ಚಾರ್ಜರಿನ ಕೆಲಸ. ಬ್ಯಾಟರಿಯೊಳಕ್ಕೆ ಎಷ್ಟು ವಿದ್ಯುತ್ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವ ಸರ್ಕ್ಯೂಟ್ ಇರುವುದು ಫೋನಿನ ಅಥವಾ ಲ್ಯಾಪ್‌ಟಾಪಿನ ಒಳಗೆ. ಅನೇಕರನ್ನು ಕಾಡುವ ಒಂದು ಭಯಕ್ಕೆ ಇಲ್ಲೇ ಉತ್ತರವಿದೆ. 65 ವ್ಯಾಟ್‌ನ ಚಾರ್ಜರಿಗೆ 10 ವ್ಯಾಟ್‌ನ ಚಿಕ್ಕ ಸಾಧನವನ್ನು ಸಿಕ್ಕಿಸಿದರೆ ಅದು ಸುಟ್ಟುಹೋಗುವುದಿಲ್ಲ. ಪಂಕ್ತಿಯಲ್ಲಿ ಬಡಿಸುವವರ ಪಾತ್ರೆ ಎಷ್ಟೇ ದೊಡ್ಡದಿದ್ದರೂ ಎಲೆಯ ಮುಂದೆ ಕೂತವರು ಸಾಕೆಂದಾಗ ಬಡಿಸುವುದು ನಿಲ್ಲುತ್ತದೆ. ವ್ಯಾಟ್ ಎಂಬುದು ಚಾರ್ಜರಿನ ಗರಿಷ್ಠ ಸಾಮರ್ಥ್ಯವೇ ಹೊರತು ಅದು ಸಾಧನದೊಳಕ್ಕೆ ನೂಕುವ ಪ್ರಮಾಣವಲ್ಲ.

ಇಲ್ಲಿ ವೋಲ್ಟ್, ಆಂಪಿಯರ್, ವ್ಯಾಟ್ ಎಂಬ ಮೂರು ಅಳತೆಗಳ ಸಂಬಂಧ ಗೊತ್ತಿರಬೇಕು. ವಿದ್ಯುತ್ತಿನ ಒತ್ತಡವನ್ನು ವೋಲ್ಟ್‌ನಲ್ಲಿ, ಹರಿವನ್ನು ಆಂಪಿಯರ್‌ನಲ್ಲಿ ಅಳೆಯುತ್ತಾರೆ. ಎರಡನ್ನೂ ಗುಣಿಸಿದರೆ ಬರುವುದು ವ್ಯಾಟ್. ಚಾರ್ಜರಿನ ಮೈಮೇಲೆ 5 ವೋಲ್ಟ್, 2 ಆಂಪಿಯರ್ ಎಂದು ಅಚ್ಚಾಗಿದ್ದರೆ ಅದು 10 ವ್ಯಾಟ್‌ನದು. 20 ವೋಲ್ಟ್, 3 ಆಂಪಿಯರ್ ಎಂದಿದ್ದರೆ 60 ವ್ಯಾಟ್‌ನದು. ಆಂಪಿಯರ್ ಹೆಚ್ಚಿರುವುದರಿಂದ ತೊಂದರೆಯಿಲ್ಲ, ಏಕೆಂದರೆ ಹರಿವನ್ನು ಸಾಧನವೇ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಅಪಾಯವಿರುವುದು ಹೊಂದದ ವೋಲ್ಟ್‌ನಲ್ಲಿ. ದುಂಡು ಪಿನ್ನಿನ ಹಳೆಯ ಅಡಾಪ್ಟರುಗಳಲ್ಲಿ ಒಂದು 9 ವೋಲ್ಟ್, ಇನ್ನೊಂದು 19 ವೋಲ್ಟ್ ಕೊಡುತ್ತಿತ್ತು, ಆದರೆ ಪಿನ್ ನೋಡಲು ಒಂದೇ ರೀತಿ ಇರುತ್ತಿತ್ತು. ತಪ್ಪು ಅಡಾಪ್ಟರ್ ಸಿಕ್ಕಿಸಿದರೆ ಸಾಧನ ಹಾಳಾಗುತ್ತಿತ್ತು. ಯುಎಸ್‌ಬಿ ಪದ್ಧತಿ ನಿವಾರಿಸಿದ್ದು ಈ ಅಪಾಯವನ್ನೇ.

ಯುಎಸ್‌ಬಿ ಹುಟ್ಟಿದ್ದು ಚಾರ್ಜ್ ಮಾಡುವುದಕ್ಕಲ್ಲ. ಕಂಪ್ಯೂಟರಿಗೆ ಕೀಬೋರ್ಡ್, ಮೌಸ್, ಪ್ರಿಂಟರುಗಳನ್ನು ಒಂದೇ ಬಗೆಯ ಪಿನ್ನಿನಿಂದ ಜೋಡಿಸುವ ಉದ್ದೇಶದಿಂದ ಅದರ ಮೊದಲ ಆವೃತ್ತಿ 1996ರಲ್ಲಿ ಹೊರಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ್ ಭಟ್ ಆಗ ಇಂಟೆಲ್ ಸಂಸ್ಥೆಯ ಎಂಜಿನಿಯರ್ ಆಗಿದ್ದರು; ಓದಿದ್ದು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. ಜೋಡಿಸಿದ ಸಾಧನ ನಡೆಯಲೆಂದು ಕಂಪ್ಯೂಟರು ಅದೇ ಕೇಬಲಿನಲ್ಲಿ 5 ವೋಲ್ಟ್‌ನಂತೆ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ವಿದ್ಯುತ್ತನ್ನೂ ಕೊಡುತ್ತಿತ್ತು. ಮೌಸಿಗೆ ಇದು ಧಾರಾಳ. ಮೊಬೈಲ್ ಫೋನುಗಳು ಬಂದ ಮೇಲೆ ಜನ ಅದೇ ರಂಧ್ರದಿಂದ ಫೋನನ್ನೂ ಚಾರ್ಜ್ ಮಾಡತೊಡಗಿದರು, ಆಗ ಎರಡೂವರೆ ವ್ಯಾಟ್ ಸಾಲದಾಯಿತು. 2010ರಲ್ಲಿ ಬಂದ ಬ್ಯಾಟರಿ ಚಾರ್ಜಿಂಗ್ ನಿಯಮಾವಳಿಯ ಪರಿಷ್ಕೃತ ರೂಪ ಗೋಡೆಯ ಚಾರ್ಜರುಗಳಿಗೆ ಒಂದೂವರೆ ಆಂಪಿಯರ್‌ವರೆಗೆ ಅವಕಾಶ ಕೊಟ್ಟಿತು.

ಅತ್ತ ಫೋನ್ ತಯಾರಕರು ತಮ್ಮ ತಮ್ಮದೇ ಪಿನ್ ಮಾಡಿಕೊಂಡಿದ್ದರು. ಒಂದು ಕಂಪನಿಯ ಚಾರ್ಜರ್ ಇನ್ನೊಂದಕ್ಕೆ ಹೊಂದದೆ, ಫೋನ್ ಬದಲಿಸಿದಾಗಲೆಲ್ಲ ಚಾರ್ಜರೂ ಕಸ ಸೇರುತ್ತಿತ್ತು. ಇದಕ್ಕೆ ಮೊದಲು ಕಡಿವಾಣ ಹಾಕಿದ ದೇಶಗಳಲ್ಲಿ ಚೀನಾ ಒಂದು. ಮೊಬೈಲ್ ಚಾರ್ಜರುಗಳಿಗೆ ಯುಎಸ್‌ಬಿ ಆಧಾರಿತ ಮಾನಕವನ್ನು ಅದು 2006ರಲ್ಲಿ ಪ್ರಕಟಿಸಿತು. 2009ರಲ್ಲಿ ಯುರೋಪಿನ ಆಯೋಗದ ಒತ್ತಾಸೆಯಿಂದ ಪ್ರಮುಖ ತಯಾರಕರು ಮೈಕ್ರೊ ಯುಎಸ್‌ಬಿಯನ್ನು ಸಮಾನ ಪಿನ್ನಾಗಿ ಒಪ್ಪಿಕೊಂಡರು. ಆ ಒಪ್ಪಂದ ಸ್ವಯಂಪ್ರೇರಿತವಾಗಿದ್ದರಿಂದ ಎಲ್ಲರನ್ನೂ ಕಟ್ಟಿಹಾಕಲಿಲ್ಲ. 2014ರಲ್ಲಿ ಟೈಪ್-ಸಿ ಬಂತು. ಅದರ ಎರಡು ಮುಖವೂ ಒಂದೇ ಆದ್ದರಿಂದ ತಿರುಗಿಸಿ ಮುರುಗಿಸಿ ನೋಡುವ ಗೊಂದಲವಿಲ್ಲ. ಒಳಗೆ 24 ಸಂಪರ್ಕ ಬಿಂದುಗಳಿರುವುದರಿಂದ ಮಾಹಿತಿ, ದೃಶ್ಯ, ವಿದ್ಯುತ್ ಮೂರನ್ನೂ ಒಂದೇ ಕೇಬಲ್ ಸಾಗಿಸಬಲ್ಲದು.

ಟೈಪ್-ಸಿಯೇ ಸಮಾನ ಪಿನ್ ಆಗಬೇಕೆಂದು ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನು ಮಾಡಿತು. ಬಿಸಾಡಿದ ಹಾಗೂ ಬಳಸದೆ ಉಳಿದ ಚಾರ್ಜರುಗಳಿಂದಲೇ ಅಲ್ಲಿ ವರ್ಷಕ್ಕೆ ಸುಮಾರು 11 ಸಾವಿರ ಟನ್‌ವರೆಗೆ ಎಲೆಕ್ಟ್ರಾನಿಕ್ ಕಸ ಬೀಳುತ್ತದೆಂಬ ಅಂದಾಜು ಆ ಕಾನೂನಿನ ಹಿಂದಿತ್ತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನ್, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್ ಮುಂತಾದವುಗಳಿಗೆ ಟೈಪ್-ಸಿ ಕಡ್ಡಾಯವಾಯಿತು. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28 ಗಡುವಾಯಿತು. ಸ್ವಂತ ಪಿನ್ನನ್ನು ಬಹುಕಾಲ ಉಳಿಸಿಕೊಂಡಿದ್ದ ಆಪಲ್ ಕಂಪನಿಯೂ 2023ರ ಐಫೋನ್ 15ರಿಂದ ಟೈಪ್-ಸಿಗೆ ಬಂತು. ಭಾರತೀಯ ಮಾನಕ ಬ್ಯೂರೋ ಟೈಪ್-ಸಿ ಚಾರ್ಜರ್ ಹಾಗೂ ಕೇಬಲುಗಳ ಮಾನಕವನ್ನು 2023ರ ಜನವರಿಯಲ್ಲಿ ಪ್ರಕಟಿಸಿತು. ಒಂದೇ ಚಾರ್ಜರ್ ಹಿಡಿದು ಪ್ರಯಾಣ ಮಾಡುವುದು ಸಾಧ್ಯವಾದದ್ದು ಹೀಗೆ ಹತ್ತಾರು ವರ್ಷಗಳ ಪ್ರಯತ್ನದಿಂದ.

ಪಿನ್ ಒಂದಾದರೆ ಸಾಲದು, ವೋಲ್ಟ್‌ನ ವಿಷಯದಲ್ಲಿಯೂ ಒಪ್ಪಂದ ಬೇಕು. ಫೋನಿಗೆ 5 ಅಥವಾ 9 ವೋಲ್ಟ್ ಸಾಕು, ಲ್ಯಾಪ್‌ಟಾಪಿಗೆ 20 ವೋಲ್ಟ್ ಬೇಕು. ಎರಡಕ್ಕೂ ಒಂದೇ ಚಾರ್ಜರ್ ಹೇಗೆ ಒದಗಬೇಕು? ಇದಕ್ಕಾಗಿ ರೂಪುಗೊಂಡದ್ದು ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ, ಎಂಬ ಪದ್ಧತಿ. ಟೈಪ್-ಸಿ ಕೇಬಲಿನಲ್ಲಿ ವಿದ್ಯುತ್ ಸಾಗಿಸುವ ತಂತಿಗಳಲ್ಲದೆ ಚಾರ್ಜರ್ ಮತ್ತು ಸಾಧನ ಪರಸ್ಪರ ಸಂದೇಶ ಕಳಿಸಿಕೊಳ್ಳಲೆಂದೇ ಒಂದು ತಂತಿಯಿದೆ. ಏನನ್ನೂ ಸಿಕ್ಕಿಸದಿದ್ದಾಗ ಟೈಪ್-ಸಿ ಚಾರ್ಜರಿನ ಬಾಯಲ್ಲಿ ವಿದ್ಯುತ್ತೇ ಇರುವುದಿಲ್ಲ. ಸಾಧನವನ್ನು ಸಿಕ್ಕಿಸಿದೊಡನೆ ಅದರೊಳಗಿನ 5.1 ಕಿಲೊ-ಓಮ್‌ನ ಒಂದು ರೋಧಕವನ್ನು ಚಾರ್ಜರ್ ಗುರುತಿಸಿ 5 ವೋಲ್ಟ್ ಬಿಡುತ್ತದೆ. ಬಳಿಕ ತನ್ನಲ್ಲಿ ಯಾವ ಯಾವ ವೋಲ್ಟ್ ಎಷ್ಟೆಷ್ಟು ಆಂಪಿಯರ್‌ನಲ್ಲಿ ಲಭ್ಯ ಎಂಬ ಪಟ್ಟಿಯನ್ನು ಸಾಧನಕ್ಕೆ ಕಳಿಸುತ್ತದೆ. 5, 9, 15, 20 ವೋಲ್ಟ್ ಇದರ ಸಾಮಾನ್ಯ ಮೆಟ್ಟಿಲುಗಳು. ಸಾಧನ ತನಗೆ ಹೊಂದುವುದನ್ನು ಆರಿಸಿ ಕೇಳುತ್ತದೆ, ಚಾರ್ಜರ್ ಒಪ್ಪಿದ ಮೇಲೆಯೇ ವೋಲ್ಟ್ ಏರುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸಾಧನದಿಂದ ಉತ್ತರ ಬಾರದಿದ್ದರೆ ಚಾರ್ಜರ್ 5 ವೋಲ್ಟ್‌ನಲ್ಲೇ ನಿಲ್ಲುತ್ತದೆ. ಪಿಡಿ ಗೊತ್ತಿಲ್ಲದ ಹಳೆಯ ಸಾಧನಕ್ಕೂ ಪಿಡಿ ಚಾರ್ಜರಿನಿಂದ ಕೇಡಿಲ್ಲದಿರುವುದು ಈ ಕಾರಣದಿಂದಲೇ.

ಪಿಡಿಯ ಮಿತಿ ಮೊದಲು 100 ವ್ಯಾಟ್ ಇತ್ತು. 2021ರ ಪರಿಷ್ಕರಣೆಯಲ್ಲಿ 28, 36, 48 ವೋಲ್ಟ್‌ಗಳ ಮೆಟ್ಟಿಲು ಸೇರಿ ಅದು 240 ವ್ಯಾಟ್‌ಗೆ ಏರಿತು. ಇದರ ಜೊತೆಗೆ ಪಿಪಿಎಸ್ ಎಂಬ ಇನ್ನೊಂದು ಸೌಲಭ್ಯವಿದೆ. ಇದರಲ್ಲಿ ವೋಲ್ಟ್ ದೊಡ್ಡ ಮೆಟ್ಟಿಲುಗಳಲ್ಲಿ ಅಲ್ಲ, 20 ಮಿಲಿವೋಲ್ಟ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ಬ್ಯಾಟರಿಯ ಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ. ಫೋನ್ ಕಡಿಮೆ ಬಿಸಿಯಾಗುತ್ತದೆ. ಸ್ಯಾಮ್‌ಸಂಗ್‌ನ ಹಲವು ಫೋನುಗಳು ಪೂರ್ಣ ವೇಗದಲ್ಲಿ ಚಾರ್ಜ್ ಆಗಬೇಕಾದರೆ ಚಾರ್ಜರಿನಲ್ಲಿ ಪಿಪಿಎಸ್ ಇರಬೇಕು. ಇನ್ನು ಕೆಲವು ಕಂಪನಿಗಳು 80, 100 ವ್ಯಾಟ್‌ನ ವೇಗಕ್ಕೆ ತಮ್ಮದೇ ಪದ್ಧತಿ ಇಟ್ಟುಕೊಂಡಿವೆ. ಒಪ್ಪೊ, ಒನ್‌ಪ್ಲಸ್ ಫೋನುಗಳ ಸೂಪರ್‌ವೂಕ್ ಅಂಥದ್ದು. ಅಂಥ ಫೋನನ್ನು ಸಾಮಾನ್ಯ ಪಿಡಿ ಚಾರ್ಜರಿಗೆ ಹಾಕಿದರೆ ಚಾರ್ಜ್ ಆಗುತ್ತದೆ, ಆದರೆ ಕಂಪನಿ ಹೇಳಿಕೊಳ್ಳುವ ವೇಗ ಸಿಗುವುದಿಲ್ಲ. ರಾತ್ರಿಯಿಡೀ ಚಾರ್ಜಿಗಿಡುವ ಪ್ರಯಾಣಿಕರಿಗೆ ಇದರಿಂದ ನಷ್ಟವೇನೂ ಇಲ್ಲ.

ಹಾಗಾದರೆ ಎಷ್ಟು ವ್ಯಾಟ್‌ನ ಚಾರ್ಜರ್ ಬೇಕು? ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯನ್ನು ವ್ಯಾಟ್-ಗಂಟೆಯಲ್ಲಿ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. 5,000 ಮಿಲಿಆಂಪಿಯರ್-ಗಂಟೆಯ ಫೋನ್ ಬ್ಯಾಟರಿಯ ವೋಲ್ಟ್ ಸುಮಾರು 3.85, ಗುಣಿಸಿದರೆ ಸುಮಾರು 19 ವ್ಯಾಟ್-ಗಂಟೆ. ಹಗುರ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ 50ರಿಂದ 60 ವ್ಯಾಟ್-ಗಂಟೆ. ಇಯರ್‌ಬಡ್ ಡಬ್ಬಿಗೆ ಸುಮಾರು ಎರಡು, ಕೈಗಡಿಯಾರಕ್ಕೆ ಒಂದರ ಆಸುಪಾಸು. ಎಲ್ಲ ಸೇರಿ 80ರ ಹತ್ತಿರ ಬರುತ್ತದೆ. ಚಾರ್ಜರ್, ಕೇಬಲ್, ಬ್ಯಾಟರಿಗಳಲ್ಲಿ ಶಾಖವಾಗಿ ಹೋಗುವುದನ್ನೂ ಸೇರಿಸಿದರೆ 100 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ ವಿದ್ಯುತ್ತಿನ ಹತ್ತನೆಯ ಒಂದು ಭಾಗ. 65 ವ್ಯಾಟ್‌ನ ಚಾರ್ಜರ್ ಇದನ್ನು ಮೂರು ಗಂಟೆಗಳ ಒಳಗೇ ತುಂಬಬಲ್ಲದು. ರಾತ್ರಿ ತಂಗುವಲ್ಲಿ ಏಳೆಂಟು ಗಂಟೆ ಸಿಗುವಾಗ ಅವಸರವೂ ಇರುವುದಿಲ್ಲ.

ಈ ಲೆಕ್ಕದಿಂದ ಆಯ್ಕೆ ಸುಲಭವಾಗುತ್ತದೆ. ಫೋನು, ಇಯರ್‌ಬಡ್, ಗಡಿಯಾರ ಮಾತ್ರ ಇದ್ದವರಿಗೆ ಎರಡು ಬಾಯಿಯ 30 ವ್ಯಾಟ್ ಚಾರ್ಜರ್ ಸಾಕು. ಹಗುರ ಲ್ಯಾಪ್‌ಟಾಪ್ ಒಯ್ಯುವವರಿಗೆ 65 ವ್ಯಾಟ್ ಒಳ್ಳೆಯ ನಡುದಾರಿ. ದೊಡ್ಡ ಲ್ಯಾಪ್‌ಟಾಪ್ ಇದ್ದವರಿಗೆ ಅಥವಾ ಇಬ್ಬರು ಲ್ಯಾಪ್‌ಟಾಪ್ ಬಳಸುವ ಕಡೆ 100 ವ್ಯಾಟ್ ಬೇಕಾಗುತ್ತದೆ. ಲ್ಯಾಪ್‌ಟಾಪಿನ ಮೂಲ ಅಡಾಪ್ಟರಿನ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆಯೋ ಅದೇ ಅಳತೆಗೋಲು. ಅದಕ್ಕಿಂತ ಕಡಿಮೆ ವ್ಯಾಟ್‌ನಲ್ಲಿ ಹಲವು ಲ್ಯಾಪ್‌ಟಾಪ್‌ಗಳು ನಿಧಾನವಾಗಿ ಚಾರ್ಜ್ ಆಗುತ್ತವೆ, ಕೆಲವು ಮುಚ್ಚಿಟ್ಟಾಗ ಮಾತ್ರ ಆಗುತ್ತವೆ, ಇನ್ನು ಕೆಲವು ಚಾರ್ಜರನ್ನೇ ಒಪ್ಪುವುದಿಲ್ಲ. ಆಟಗಳಿಗೆಂದು ಮಾಡಿದ ಭಾರೀ ಲ್ಯಾಪ್‌ಟಾಪ್‌ಗಳಿಗೆ 200 ವ್ಯಾಟ್‌ಗೂ ಹೆಚ್ಚು ಬೇಕಾಗುವುದರಿಂದ ಅವುಗಳ ಅಡಾಪ್ಟರನ್ನು ಬೇರೆಯಾಗಿಯೇ ಒಯ್ಯಬೇಕು.

ಹಲವು ಬಾಯಿಗಳಿರುವ ಚಾರ್ಜರಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಒಟ್ಟು ಸಾಮರ್ಥ್ಯ. ಹೆಚ್ಚಿನವರು ಎಡವುವುದು ಇಲ್ಲಿಯೇ. 65 ವ್ಯಾಟ್ ಎಂದರೆ ಪ್ರತಿ ಬಾಯಿಯಿಂದಲೂ 65 ಎಂದಲ್ಲ. ಒಂದೇ ಸಾಧನ ಇದ್ದಾಗ ಅದಕ್ಕೆ ಪೂರ್ತಿ 65 ಸಿಗುತ್ತದೆ. ಎರಡನೆಯದನ್ನು ಸಿಕ್ಕಿಸಿದೊಡನೆ ಹಂಚಿಕೆಯಾಗುತ್ತದೆ. 45 ಮತ್ತು 20 ಎಂಬ ಹಂಚಿಕೆ ಇಂಥ ಚಾರ್ಜರುಗಳಲ್ಲಿ ಸಾಮಾನ್ಯ. ಮೂರನೆಯದು ಬಂದಾಗ ಎರಡು ಬಾಯಿಗಳು ಸೇರಿ 15 ವ್ಯಾಟ್ ಹಂಚಿಕೊಳ್ಳುವುದೂ ಉಂಟು. ಯಾವ ಬಾಯಿಗೆ ಎಷ್ಟು ಎಂಬ ಕೋಷ್ಟಕ ಚಾರ್ಜರಿನ ಮೈಮೇಲೆ ಸಣ್ಣ ಅಕ್ಷರಗಳಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಕೊಳ್ಳುವ ಮುಂಚೆ ಓದಬೇಕಾದದ್ದು ಆ ಕೋಷ್ಟಕವನ್ನು. ಲ್ಯಾಪ್‌ಟಾಪಿಗೆ 45 ಬೇಕಿದ್ದು, ಎರಡು ಬಾಯಿ ತುಂಬಿದಾಗ ಒಂದೊಂದಕ್ಕೂ 30 ಮಾತ್ರ ಉಳಿಯುವ ಚಾರ್ಜರ್ ಆದರೆ ಫೋನ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿನ ಚಾರ್ಜ್ ಕುಂಟತೊಡಗುತ್ತದೆ.

ಹಂಚಿಕೆ ಬದಲಾಗುವಾಗ ಇನ್ನೊಂದು ಸಂಗತಿ ನಡೆಯುತ್ತದೆ. ಹೊಸ ಸಾಧನ ಸೇರಿದಾಗ ಅಥವಾ ಇದ್ದದ್ದನ್ನು ತೆಗೆದಾಗ ಅನೇಕ ಚಾರ್ಜರುಗಳು ಎಲ್ಲ ಬಾಯಿಗಳ ವಿದ್ಯುತ್ತನ್ನೂ ಕ್ಷಣಕಾಲ ನಿಲ್ಲಿಸಿ, ಮಾತುಕತೆಯನ್ನು ಮೊದಲಿನಿಂದ ಆರಂಭಿಸುತ್ತವೆ. ಫೋನಿನಲ್ಲಿ ಚಾರ್ಜಿಂಗ್ ಚಿಹ್ನೆ ಮಾಯವಾಗಿ ಮತ್ತೆ ಕಾಣಿಸುವುದು ಇದರಿಂದಲೇ ಹೊರತು ಚಾರ್ಜರಿನ ದೋಷದಿಂದಲ್ಲ. ಬ್ಯಾಟರಿ ಇರುವ ಸಾಧನಕ್ಕೆ ಇದರಿಂದ ಬಾಧಕವಿಲ್ಲ. ಬ್ಯಾಟರಿ ಇಲ್ಲದೆ ನೇರ ಯುಎಸ್‌ಬಿಯಿಂದ ನಡೆಯುವ ಚಿಕ್ಕ ರೌಟರಿನಂಥ ವಸ್ತುಗಳು ಮಾತ್ರ ಆಗ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಅಂಥವನ್ನು ಬೇರೆ ಚಾರ್ಜರಿಗೆ ಹಾಕುವುದು ಲೇಸು.

ಬಾಯಿಗಳಿಗಿಂತ ಸಾಧನಗಳೇ ಹೆಚ್ಚಾದಾಗ ಸರದಿ ಬೇಕು. ಲಿಥಿಯಂ-ಅಯಾನ್ ಬ್ಯಾಟರಿ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ತುಂಬುವುದಿಲ್ಲ. ಆರಂಭದಲ್ಲಿ ಅದು ಪೂರ್ಣ ಹರಿವನ್ನು ತೆಗೆದುಕೊಳ್ಳುತ್ತದೆ. ನಿಗದಿತ ವೋಲ್ಟ್ ಮುಟ್ಟಿದ ಮೇಲೆ ಹರಿವನ್ನು ಕ್ರಮೇಣ ಇಳಿಸಿಕೊಳ್ಳುತ್ತದೆ. ಶೇಕಡ 80ರ ನಂತರದ ಭಾಗ ತುಂಬಲು ಅದಕ್ಕೂ ಮೊದಲಿನ ಅಷ್ಟೇ ಭಾಗಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ಮಾತ್ರ ಪ್ಲಗ್ ಸಿಕ್ಕಿದವರು ಇಬ್ಬರ ಫೋನುಗಳನ್ನು ಅರ್ಧಕ್ಕಾದರೂ ತರಬಹುದು. ಒಂದನ್ನೇ ನೂರಕ್ಕೆ ಮುಟ್ಟಿಸಲು ಕಾಯ್ದರೆ ಇನ್ನೊಂದಕ್ಕೆ ಸಮಯ ಉಳಿಯದು. ರಾತ್ರಿ ತಂಗಿದಲ್ಲಿ ಲ್ಯಾಪ್‌ಟಾಪ್ ಮತ್ತು ಫೋನ್ ಮೊದಲು, ಅವು ತುಂಬಿದ ಮೇಲೆ ಮಲಗುವ ಹೊತ್ತಿಗೆ ಪವರ್ ಬ್ಯಾಂಕ್ ಎಂಬ ಕ್ರಮ ಚೆನ್ನಾಗಿ ನಡೆಯುತ್ತದೆ. ಇಯರ್‌ಬಡ್, ಗಡಿಯಾರಗಳಿಗೆ ಬೇಕಾದದ್ದು ಅತ್ಯಲ್ಪ. ಅವನ್ನು ಲ್ಯಾಪ್‌ಟಾಪಿನ ಪಕ್ಕದ ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸಿದರೂ ಆಗುತ್ತದೆ, ಚಾರ್ಜರಿನ ಒಂದು ಬಾಯಿ ಉಳಿಯುತ್ತದೆ.

ಮೂರನೆಯ ಲೆಕ್ಕ ಕೇಬಲಿನದು. ಚಾರ್ಜರಿಗೆ ಸಾವಿರಾರು ರೂಪಾಯಿ ಕೊಟ್ಟು ಕೇಬಲನ್ನು ರಸ್ತೆ ಬದಿಯ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡವರಿಗೆ ಆ ಚಾರ್ಜರಿನ ಪೂರ್ಣ ಪ್ರಯೋಜನ ಸಿಗುವುದಿಲ್ಲ. ತಂತಿ ತೆಳುವಾದಷ್ಟೂ ವಿದ್ಯುತ್ ಅದರಲ್ಲಿ ಶಾಖವಾಗಿ ಸೋರುತ್ತದೆ. 28 ಗೇಜಿನ ತೆಳು ತಂತಿಯ ಒಂದು ಮೀಟರ್ ಕೇಬಲಿನಲ್ಲಿ 2 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ ಮುಕ್ಕಾಲು ವೋಲ್ಟ್‌ಗೂ ಹೆಚ್ಚು ನಷ್ಟವಾಗುತ್ತದೆ. ಹೊರಟ 5 ವೋಲ್ಟ್ ಫೋನ್ ತಲುಪುವಾಗ ನಾಲ್ಕು ಚಿಲ್ಲರೆ ವೋಲ್ಟ್ ಆಗಿರುತ್ತದೆ. ಅದನ್ನು ಗಮನಿಸಿದ ಫೋನ್ ತಾನು ಎಳೆಯುವ ವಿದ್ಯುತ್ತನ್ನು ಕಡಿಮೆ ಮಾಡುತ್ತದೆ. 24 ಗೇಜಿನ ದಪ್ಪ ತಂತಿಯಲ್ಲಿ ಈ ನಷ್ಟ ಅರ್ಧಕ್ಕೂ ಕಡಿಮೆ.

ವೋಲ್ಟ್ ಏರಿಸಿದರೆ ಅಷ್ಟೇ ವ್ಯಾಟ್ ಸಾಗಿಸಲು ಕಡಿಮೆ ಆಂಪಿಯರ್ ಸಾಕು, ನಷ್ಟವೂ ಇಳಿಯುತ್ತದೆ. 18 ವ್ಯಾಟ್ ಬೇಕಿದ್ದರೆ 5 ವೋಲ್ಟ್‌ನಲ್ಲಿ 3.6 ಆಂಪಿಯರ್, 9 ವೋಲ್ಟ್‌ನಲ್ಲಿ ಬರೀ 2 ಆಂಪಿಯರ್. ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳಿಸಿದ್ದು ಇದೇ ತತ್ತ್ವದ ಮೇಲೆ. ವೇಗದ ಚಾರ್ಜಿಂಗಿನಲ್ಲಿ ವೋಲ್ಟ್ ಏರುವುದಕ್ಕೂ ಅದೇ ಕಾರಣ.

ಟೈಪ್-ಸಿಯಿಂದ ಟೈಪ್-ಸಿಗೆ ಹೋಗುವ ಸಾಮಾನ್ಯ ಕೇಬಲ್ 3 ಆಂಪಿಯರ್ ಹೊರುತ್ತದೆ. 20 ವೋಲ್ಟ್‌ನಲ್ಲಿ ಅದು 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ 5 ಆಂಪಿಯರ್ ಹೊರುವ ಕೇಬಲ್ ಬೇಕು. ಅಂಥ ಕೇಬಲಿನ ಪಿನ್ನಿನೊಳಗೆ ತನ್ನ ಸಾಮರ್ಥ್ಯವನ್ನು ತಿಳಿಸುವ ಚಿಕ್ಕ ಚಿಪ್ ಇರುತ್ತದೆ. ಅದು ಕಾಣದಿದ್ದರೆ ಚಾರ್ಜರ್ 3 ಆಂಪಿಯರ್ ಮೀರುವುದಿಲ್ಲ. 100 ವ್ಯಾಟ್‌ನ ಚಾರ್ಜರಿಗೆ 60 ವ್ಯಾಟ್‌ನ ಕೇಬಲ್ ಹಾಕಿದರೆ ಸಿಗುವುದು 60 ವ್ಯಾಟ್ ಮಾತ್ರ ಎಂಬುದನ್ನು ನೆನಪಿಡಬೇಕು. ಹಾಗಾಗಿ 100 ಅಥವಾ 240 ವ್ಯಾಟ್ ಎಂದು ಅಚ್ಚಾದ ಒಂದು ಕೇಬಲನ್ನು ಲ್ಯಾಪ್‌ಟಾಪಿಗೆಂದು ಇಟ್ಟುಕೊಂಡರೆ ಅದು ಫೋನಿಗೂ ಆಗುತ್ತದೆ.

ಟೈಪ್-ಸಿ ರಂಧ್ರವಿದ್ದರೂ ಟೈಪ್-ಸಿ ಚಾರ್ಜರಿನಿಂದ ಚಾರ್ಜ್ ಆಗದ ವಸ್ತುಗಳೂ ಮಾರುಕಟ್ಟೆಯಲ್ಲಿವೆ. ಅಗ್ಗದ ಟ್ರಿಮ್ಮರ್, ಟಾರ್ಚ್, ಚಿಕ್ಕ ಫ್ಯಾನ್‌ಗಳಲ್ಲಿ ತಯಾರಕರು ಮೇಲೆ ಹೇಳಿದ 5.1 ಕಿಲೊ-ಓಮ್ ರೋಧಕವನ್ನು ಹಾಕದೆ ಬಿಟ್ಟಿರುತ್ತಾರೆ. ಆಗ ಚಾರ್ಜರಿಗೆ ಸಾಧನ ಸೇರಿದೆ ಎಂಬುದೇ ತಿಳಿಯುವುದಿಲ್ಲ, ವಿದ್ಯುತ್ ಬಿಡುವುದಿಲ್ಲ. ಹಳೆಯ ಚಪ್ಪಟೆ ಆಯತದ ಟೈಪ್-ಎ ಬಾಯಿಯಲ್ಲಾದರೆ 5 ವೋಲ್ಟ್ ಸದಾ ಇರುತ್ತದೆ. ಅಲ್ಲಿಂದ ಟೈಪ್-ಸಿಗೆ ಹೋಗುವ ಕೇಬಲ್ ಹಾಕಿದರೆ ಅಂಥ ವಸ್ತು ಚಾರ್ಜ್ ಆಗುತ್ತದೆ. ಪ್ರಯಾಣದ ಚಾರ್ಜರಿನಲ್ಲಿ ಎರಡು ಟೈಪ್-ಸಿ ಬಾಯಿಗಳ ಜೊತೆ ಒಂದು ಟೈಪ್-ಎ ಬಾಯಿಯೂ ಇರಬೇಕೆನ್ನುವುದು ಇದಕ್ಕೇ. ಸ್ಮಾರ್ಟ್‌ವಾಚ್‌ಗಳಿಗೆ ಮಾತ್ರ ಇನ್ನೂ ಅವುಗಳದೇ ಅಯಸ್ಕಾಂತದ ಕೇಬಲ್ ಬೇಕಾಗುತ್ತದೆ. ಅದನ್ನು ಮರೆತು ಹೋದರೆ ಬೇರೆ ಊರಿನಲ್ಲಿ ಸಿಗುವುದು ಕಷ್ಟ.

65 ವ್ಯಾಟ್‌ನ ಚಾರ್ಜರ್ ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿರುವುದಕ್ಕೆ ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕ ಕಾರಣ. ಪೆಟ್ಟಿಗೆಗಳ ಮೇಲೆ ಗ್ಯಾನ್ ಎಂದು ಅಚ್ಚಾಗಿರುವುದು ಇದೇ. ಚಾರ್ಜರಿನೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಕಡಿದು ಜೋಡಿಸುವ ಸ್ವಿಚ್ಚುಗಳಿರುತ್ತವೆ. ಹಿಂದೆ ಈ ಸ್ವಿಚ್ಚುಗಳು ಸಿಲಿಕಾನಿನವಾಗಿದ್ದವು. ಗ್ಯಾಲಿಯಂ ನೈಟ್ರೈಡಿನ ಸ್ವಿಚ್ಚುಗಳು ಇನ್ನೂ ವೇಗವಾಗಿ, ಕಡಿಮೆ ಶಾಖದಲ್ಲಿ ಕೆಲಸ ಮಾಡುತ್ತವೆ. ವೇಗ ಹೆಚ್ಚಿದಷ್ಟೂ ಒಳಗಿನ ಟ್ರಾನ್ಸ್‌ಫಾರ್ಮರನ್ನು ಚಿಕ್ಕದು ಮಾಡಬಹುದು. 2014ರಲ್ಲಿ ಭೌತವಿಜ್ಞಾನದ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಯ ಮೂಲದ್ರವ್ಯವೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಗ್ಯಾಲಿಯಂ ನೈಟ್ರೈಡ್ ಬಿಡಿಭಾಗಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ.

ಹೊರದೇಶಕ್ಕೆ ಹೋಗುವವರಿಗೆ ಒಂದೇ ಚಾರ್ಜರಿನ ಅನುಕೂಲ ಇನ್ನೂ ಹೆಚ್ಚು. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ಯುರೋಪು ಮತ್ತು ಕೊಲ್ಲಿ ದೇಶಗಳಲ್ಲಿ ಬಹುತೇಕ 220ರಿಂದ 240. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್, 50 ಮತ್ತು 60 ಹರ್ಟ್ಸ್ ಎಂದು ಅಚ್ಚಾಗಿದ್ದರೆ ಅದು ಇಲ್ಲೆಲ್ಲ ನಡೆಯುತ್ತದೆ. ಬದಲಾಗುವುದು ಪ್ಲಗ್ಗಿನ ಆಕಾರ ಮಾತ್ರ. ಭಾರತದ ಎರಡು ದುಂಡು ಪಿನ್ನಿನ ಸಣ್ಣ ಚಾರ್ಜರ್ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಹಾಗೆಯೇ ಕೂರುತ್ತದೆ. ಬ್ರಿಟನ್, ಸಿಂಗಪುರ, ಮಲೇಷ್ಯಾಗಳಲ್ಲಿ ಮತ್ತು ಕರಾವಳಿಯ ಅನೇಕ ಕನ್ನಡಿಗರು ದುಡಿಯುತ್ತಿರುವ ದುಬೈ, ದೋಹಾ, ಮಸ್ಕತ್ತುಗಳಲ್ಲಿ ಮೂರು ಚಪ್ಪಟೆ ಪಿನ್ನಿನ ಪ್ಲಗ್ ಬೇಕು. ಅಮೆರಿಕ, ಜಪಾನುಗಳಲ್ಲಿ ಎರಡು ಚಪ್ಪಟೆ ಪಿನ್, ಆಸ್ಟ್ರೇಲಿಯಾದಲ್ಲಿ ಓರೆಯಾದ ಚಪ್ಪಟೆ ಪಿನ್. ಚಾರ್ಜರ್ ಒಂದೇ ಆದರೆ ಪರಿವರ್ತಕ ಪ್ಲಗ್ಗೂ ಒಂದೇ ಸಾಕು. ಆದರೆ ಆ ಪ್ಲಗ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟ್ ಅನ್ನಲ್ಲ. ಚಾರ್ಜರಿಗೆ ಅದು ಹೊಂದುತ್ತದೆ, 230 ವೋಲ್ಟ್‌ಗೆಂದೇ ಮಾಡಿದ ಇಸ್ತ್ರಿಪೆಟ್ಟಿಗೆಗೆ ಹೊಂದುವುದಿಲ್ಲ.

ದೇಶದೊಳಗಿನ ಪ್ರಯಾಣದಲ್ಲಿ ರೈಲಿನ ಪ್ಲಗ್ಗುಗಳದು ಬೇರೆ ಕಥೆ. ಹಲವು ಬೋಗಿಗಳಲ್ಲಿ ಅವು 110 ವೋಲ್ಟ್‌ನವು. ಚಾರ್ಜರಿಗೆ ಅದೂ ಸರಿಯೇ. ಬೆಂಕಿಯ ಅಪಾಯ ತಪ್ಪಿಸಲೆಂದು ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪ್ಲಗ್ಗುಗಳ ವಿದ್ಯುತ್ ನಿಲ್ಲಿಸುವ ಕ್ರಮ ರೈಲ್ವೆಯಲ್ಲಿದೆ. ಆದ್ದರಿಂದ ರಾತ್ರಿ ಗಾಡಿ ಹತ್ತುವವರು ಸಂಜೆಯೇ ಚಾರ್ಜ್ ಮುಗಿಸಿಕೊಳ್ಳಬೇಕು. ಭಾರದ ಚಾರ್ಜರ್ ರೈಲಿನ ಕುಲುಕಾಟಕ್ಕೆ ಸಡಿಲಗೊಂಡು ಜೋತು ಬೀಳುತ್ತದೆ. ಸಡಿಲ ಪಿನ್ನಿನಲ್ಲಿ ಕಿಡಿ ಹಾರಿ ಶಾಖ ಹುಟ್ಟುತ್ತದೆ. ಮೋಟು ತಂತಿಯ ಚಿಕ್ಕ ಎಕ್ಸ್‌ಟೆನ್ಷನ್ ಒಂದಿದ್ದರೆ ಚಾರ್ಜರನ್ನು ಕೆಳಗೆ ಇಡಬಹುದು.

ಪ್ಲಗ್ ಸಿಗದ ಹೊತ್ತಿಗೆ ಪವರ್ ಬ್ಯಾಂಕ್ ನೆರವಾಗುತ್ತದೆ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ ಸಾಮಾನ್ಯವಾಗಿ 100 ವ್ಯಾಟ್-ಗಂಟೆ. ಅದಕ್ಕೂ ಮೇಲೆ 160ರವರೆಗೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು. 20,000 ಮಿಲಿಆಂಪಿಯರ್-ಗಂಟೆಯದು 3.7 ವೋಲ್ಟ್‌ನ ಲೆಕ್ಕದಲ್ಲಿ 74 ವ್ಯಾಟ್-ಗಂಟೆ, ಮಿತಿಯೊಳಗೇ ಇದೆ. ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅದೇ ವರ್ಷದ ಅಕ್ಟೋಬರ್‌ನಿಂದ ಹಾರಾಟದ ನಡುವೆ ಪವರ್ ಬ್ಯಾಂಕ್ ಬಳಸುವುದನ್ನು ನಿಷೇಧಿಸಿವೆ. ಹೊರಡುವ ಮುಂಚೆ ಆಯಾ ಸಂಸ್ಥೆಯ ನಿಯಮ ನೋಡಿಕೊಳ್ಳುವುದು ಅಗತ್ಯ.

ಒಂದೇ ಚಾರ್ಜರಿನ ಮೇಲೆ ಇಷ್ಟೆಲ್ಲ ಭಾರ ಹೊರಿಸುವಾಗ ಅದು ವಿಶ್ವಾಸಾರ್ಹವಾಗಿರಬೇಕು. ನಕಲಿ ಚಾರ್ಜರುಗಳಲ್ಲಿ 230 ವೋಲ್ಟ್‌ನ ಬದಿ ಮತ್ತು ಸಾಧನದ ಬದಿಗಳ ನಡುವಿನ ಪ್ರತ್ಯೇಕತೆ ಸಾಲದೆ ಶಾಕ್ ಹೊಡೆಯುವ ಅಪಾಯವಿದೆ. ಭಾರತದಲ್ಲಿ ಚಾರ್ಜರ್ ಮತ್ತು ಪವರ್ ಬ್ಯಾಂಕುಗಳಿಗೆ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಅವುಗಳ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ವಿವರ ಕಾಣುತ್ತದೆ. ಚಾರ್ಜರ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಸುಡುವುದು, ಸುಟ್ಟ ವಾಸನೆ ಬರುವುದು ಸಹಜವಲ್ಲ. ದಿಂಬು, ಹೊದಿಕೆಗಳ ಕೆಳಗೆ ಅದನ್ನು ಇಡಲೇಬಾರದು.

ವಿಮಾನ ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಸಿಗುವ ಸಾರ್ವಜನಿಕ ಯುಎಸ್‌ಬಿ ರಂಧ್ರಗಳ ಬಗ್ಗೆಯೂ ಎಚ್ಚರ ಬೇಕು. ಅದೇ ಕೇಬಲಿನಲ್ಲಿ ಮಾಹಿತಿಯೂ ಹರಿಯುವುದರಿಂದ ಫೋನಿನ ದತ್ತಾಂಶ ಕದಿಯುವ ಸಾಧ್ಯತೆಯ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2022ರ ತನ್ನ ಜಾಗೃತಿ ಪುಸ್ತಿಕೆಯಲ್ಲಿ ಎಚ್ಚರಿಸಿದೆ. ಸ್ವಂತ ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಿಕೊಂಡರೆ ಈ ಅಪಾಯವೇ ಇಲ್ಲ. ಅನಿವಾರ್ಯವಾದಾಗ ಫೋನ್ ಕೇಳುವ ಪ್ರಶ್ನೆಗೆ ಚಾರ್ಜ್ ಮಾತ್ರ ಎಂಬ ಉತ್ತರವನ್ನೇ ಆರಿಸಬೇಕು.

ಎಲ್ಲವೂ ಒಂದನ್ನೇ ನೆಚ್ಚಿರುವುದರಲ್ಲಿ ಒಂದು ಕೊರತೆಯೂ ಇದೆ: ಆ ಚಾರ್ಜರ್ ಕೆಟ್ಟರೆ ಅಥವಾ ಹೋಟೆಲಿನ ಗೋಡೆಯಲ್ಲೇ ಉಳಿದುಹೋದರೆ ಎಲ್ಲ ಸಾಧನಗಳೂ ಒಟ್ಟಿಗೆ ನಿಲ್ಲುತ್ತವೆ. ದೂರ ಪ್ರಯಾಣದಲ್ಲಿ ಫೋನಿನ ಮಟ್ಟಿಗಾದರೂ ಒಂದು ಚಿಕ್ಕ ಚಾರ್ಜರನ್ನು ಬೇರೆ ಚೀಲದಲ್ಲಿ ಇಡುವುದು ಜಾಣತನ. ಉಸಿರಾಟದ ಯಂತ್ರದಂಥ ವೈದ್ಯಕೀಯ ಉಪಕರಣಗಳನ್ನು ಈ ಹಂಚಿಕೆಗೆ ಸೇರಿಸಬಾರದು. ಅವುಗಳಿಗೆ ತಯಾರಕರು ಕೊಟ್ಟ ಅಡಾಪ್ಟರೇ ಆಗಬೇಕು. ಉಳಿದಂತೆ ಎರಡು ಟೈಪ್-ಸಿ ಮತ್ತು ಒಂದು ಟೈಪ್-ಎ ಬಾಯಿಯ 65 ವ್ಯಾಟ್ ಚಾರ್ಜರ್, 100 ವ್ಯಾಟ್ ಹೊರುವ ಒಂದು ಟೈಪ್-ಸಿ ಕೇಬಲ್, ಇನ್ನೊಂದು ಸಾಮಾನ್ಯ ಟೈಪ್-ಸಿ ಕೇಬಲ್, ಟೈಪ್-ಎಯಿಂದ ಟೈಪ್-ಸಿಗೆ ಹೋಗುವ ಒಂದು ಕೇಬಲ್, ಗಡಿಯಾರದ ಕೇಬಲ್, ಬೇಕಿದ್ದರೆ ಒಂದು ಪರಿವರ್ತಕ ಪ್ಲಗ್. ಇಷ್ಟು ಒಂದು ಚಿಕ್ಕ ಸಂಚಿಯಲ್ಲಿ ಹಿಡಿಯುತ್ತದೆ. ಹೊರಡುವ ಹಿಂದಿನ ವಾರವೇ ಮನೆಯಲ್ಲಿ ಎಲ್ಲ ಸಾಧನಗಳನ್ನೂ ಈ ಒಂದೇ ಚಾರ್ಜರಿಗೆ ಸಿಕ್ಕಿಸಿ ಒಂದು ರಾತ್ರಿ ಬಿಟ್ಟು ನೋಡಬೇಕು. ಯಾವುದು ತುಂಬಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂಬುದು ಬೆಳಿಗ್ಗೆ ತಿಳಿಯುತ್ತದೆ, ಕೊರತೆಯಿದ್ದರೆ ಸರಿಪಡಿಸಿಕೊಳ್ಳಲು ಸಮಯವೂ ಇರುತ್ತದೆ.